ಅಮೆರಿಕದ ಫುಟ್‌ಬಾಲಿನ ಮೂರು ವಾದಗಳು

ಫುಟ್‌ಬಾಲ್ ಎಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವುದು ಕಾಲಿನಿಂದ ಒದೆಯುವ ದುಂಡು ಚೆಂಡು. ಅಮೆರಿಕದವರು ಆ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ಸುಲಿದ ತೆಂಗಿನಕಾಯಿಯನ್ನು ಎರಡು ಕಡೆಯೂ ಚೂಪು ಮಾಡಿದಂತಿರುತ್ತದೆ. ಅದನ್ನು ಒದೆಯುವುದು ಅಪರೂಪ; ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಇಲ್ಲವೆ ಕೈಯಿಂದ ಎಸೆಯುತ್ತಾರೆ. ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜವಾದರೂ ಮುಂದೆ ಹೋಗಬೇಕು. ಎದುರಾಳಿಗಳು ಅಡ್ಡಬಿದ್ದು, ಹೆಗಲು ಕೊಟ್ಟು ಕೆಡವುತ್ತಾರೆ. ಇಷ್ಟು ತಿಳಿದರೆ ಮುಂದಿನ ಕಥೆಗೆ ಸಾಕು.

ಆ ಆಟದ ಅಭಿಮಾನಿಗಳು ಸೇರಿದಲ್ಲೆಲ್ಲ ಮೂರು ವಾದಗಳು ಏಳುತ್ತವೆ. ತೀರ್ಪುಗಾರ ಕೊಟ್ಟ ತೀರ್ಪು ಸರಿಯೆ? ಈ ಆಟಗಾರನಿಗೆ ಇಷ್ಟು ಹಣ ತಕ್ಕುದೆ? ಕಾಲೇಜಿನಿಂದ ಹೊರಬೀಳುವ ತರುಣರಲ್ಲಿ ನಮ್ಮ ತಂಡ ಯಾರನ್ನು ಆರಿಸಬೇಕಾಗಿತ್ತು? ಮೇಲ್ನೋಟಕ್ಕೆ ಇದು ಬರಿಯ ಜಗುಲಿಯ ಹರಟೆ. ಆದರೆ ಆಟದ ಚರಿತ್ರೆಯನ್ನು ತಿರುವಿ ನೋಡಿ: ಅನೇಕ ನಿಯಮಗಳು ಇಂಥ ಜಗಳಗಳಿಂದಲೇ ಹುಟ್ಟಿವೆ. ಒಂದು ಜಗಳದಲ್ಲಿ ಮಾತ್ರ, ಯಾರ ಬೆಲೆಯನ್ನು ಕಟ್ಟುತ್ತಿದ್ದರೋ ಅವನ ಮಾತನ್ನು ಬಹುಕಾಲ ಯಾರೂ ಕೇಳಲಿಲ್ಲ.

ಮೊದಲು ತೀರ್ಪಿನ ಮಾತು. ೧೯೩೨ರಲ್ಲಿ ಷಿಕಾಗೋ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಎಂಬ ಎರಡು ತಂಡಗಳು ವರ್ಷದ ಕೊನೆಗೆ ಸಮಸಮವಾಗಿ ನಿಂತವು. ಗೆದ್ದವರು ಯಾರೆಂದು ತೀರ್ಮಾನವಾಗಲು ಇನ್ನೊಂದು ಪಂದ್ಯ ಬೇಕಾಯಿತು. ಡಿಸೆಂಬರ್ ತಿಂಗಳ ಷಿಕಾಗೋ. ಹೊರಗೆ ಹಿಮ, ಕೊರೆಯುವ ಚಳಿ. ಅದಕ್ಕಾಗಿ ಆಟವನ್ನು ಸೂರಿನ ಕೆಳಗೆ, ಷಿಕಾಗೋ ಸ್ಟೇಡಿಯಂ ಎಂಬ ಒಳಾಂಗಣಕ್ಕೆ ತಂದರು. ಸ್ವಲ್ಪ ದಿನಗಳ ಹಿಂದೆಯಷ್ಟೆ ಅಲ್ಲಿ ಸರ್ಕಸ್ ನಡೆದಿತ್ತು; ಅದಕ್ಕೆ ಹರಡಿದ ಮಣ್ಣಿನ ಮೇಲೆಯೇ ಆಟ. ನೂರು ಗಜದ ಅಂಕಣ ಎಂಬತ್ತು ಗಜಕ್ಕೆ ಇಳಿಯಿತು, ಪಕ್ಕದಲ್ಲೇ ಗೋಡೆ. ಪೋರ್ಟ್ಸ್‌ಮತ್ತಿನ ಹೆಸರಾಂತ ಆಟಗಾರ ಡಚ್ ಕ್ಲಾರ್ಕ್ ಬರಲೇ ಇಲ್ಲ. ಕಾಲೇಜೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುವ ಕೆಲಸ ಆತನಿಗಾಗಿ ಕಾದಿತ್ತು. ಪ್ರಶಸ್ತಿಯ ಪಂದ್ಯಕ್ಕಿಂತ ಸಂಬಳದ ಕೆಲಸ ಭದ್ರವಾಗಿದ್ದ ಕಾಲ ಅದು.

ಕೊನೆಯ ಘಟ್ಟದವರೆಗೂ ಯಾರಿಗೂ ಅಂಕವಿಲ್ಲ. ಆಗ ಷಿಕಾಗೋ ತಂಡದ ದೈತ್ಯ ಬ್ರಾಂಕೊ ನಗುರ್ಸ್ಕಿ ಚೆಂಡು ಹಿಡಿದು ಮುನ್ನುಗ್ಗುವಂತೆ ನಟಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಚೆಂಡನ್ನು ರೆಡ್ ಗ್ರೇಂಜನಿಗೆ ಎಸೆದ. ಗ್ರೇಂಜ್ ಹಿಡಿದ, ಅಂಕ ಬಂತು. ಪೋರ್ಟ್ಸ್‌ಮತ್ತಿನವರು ಕೂಗೆಬ್ಬಿಸಿದರು. ಅಂದಿನ ನಿಯಮದಂತೆ ಚೆಂಡನ್ನು ಮುಂದಕ್ಕೆ ಎಸೆಯುವವನು ಸಾಲಿನಿಂದ ಐದು ಗಜ ಹಿಂದೆ ನಿಂತಿರಬೇಕು. ನಗುರ್ಸ್ಕಿ ನಿಂತಿರಲಿಲ್ಲವೆಂದು ಅವರ ವಾದ. ತೀರ್ಪುಗಾರರು ಒಪ್ಪಲಿಲ್ಲ. ಷಿಕಾಗೋ ೯-೦ ಅಂಕಗಳಿಂದ ಗೆದ್ದಿತು.

ಮರುವರ್ಷ ಏನಾಯಿತೆನ್ನುತ್ತೀರಿ? ಐದು ಗಜ ಅಳೆಯಲು ಇನ್ನೊಬ್ಬ ಪಂಚರನ್ನು ನೇಮಿಸಲಿಲ್ಲ. ಐದು ಗಜದ ನಿಯಮವನ್ನೇ ತೆಗೆದುಹಾಕಿದರು. ೧೯೩೩ರಿಂದ ಸಾಲಿನ ಹಿಂದೆ ಎಲ್ಲಿ ನಿಂತಾದರೂ ಎಸೆಯಬಹುದೆಂದಾಯಿತು. ಚೆಂಡು ಗೋಡೆಯ ಬಳಿ ನಿಂತಾಗ ಒಳಕ್ಕೆ ತಂದಿಡುತ್ತಿದ್ದರಲ್ಲ, ಆ ಏರ್ಪಾಡು ಬಯಲಿನ ಆಟಕ್ಕೂ ಬಂತು. ಇಂದು ಆ ಆಟದ ಸೊಗಸೆಲ್ಲ ಚೆಂಡೆಸೆತದಲ್ಲಿದೆ. ಅದಕ್ಕೆ ದಾರಿ ತೆರೆದದ್ದರಲ್ಲಿ ಸರ್ಕಸ್ಸಿನ ಮಣ್ಣಿನ ಮೇಲೆ ನಡೆದ ಆ ಜಗಳದ ಪಾಲೂ ಉಂಟು.

ಇದೇ ರೀತಿ ೧೯೭೨ರ ಡಿಸೆಂಬರ್ ೨೩ರಂದು ಪಿಟ್ಸ್‌ಬರ್ಗಿನಲ್ಲಿ ಇನ್ನೊಂದು ನಡೆಯಿತು. ಓಕ್ಲೆಂಡ್ ರೈಡರ್ಸ್ ಮುಂದಿದ್ದರು. ಉಳಿದದ್ದು ೨೨ ಸೆಕೆಂಡು. ಟೆರಿ ಬ್ರ್ಯಾಡ್‌ಷಾ ಎಸೆದ ಚೆಂಡು ಇಬ್ಬರು ಆಟಗಾರರು ಡಿಕ್ಕಿ ಹೊಡೆದಲ್ಲಿ ಸಿಡಿದು ಹಿಂದಕ್ಕೆ ಹಾರಿತು; ನೆಲ ಮುಟ್ಟುವಷ್ಟರಲ್ಲಿ ಫ್ರಾಂಕೊ ಹ್ಯಾರಿಸ್ ಅದನ್ನು ಬಾಚಿಕೊಂಡು ಓಡಿ ಪಂದ್ಯ ಗೆದ್ದ. ಚೆಂಡು ತಗುಲಿದ್ದು ಪಿಟ್ಸ್‌ಬರ್ಗಿನವನಿಗೋ ಓಕ್ಲೆಂಡಿನವನಿಗೋ? ಒಂದೇ ಪಕ್ಷದ ಇಬ್ಬರಿಗೆ ಒಬ್ಬರ ಹಿಂದೊಬ್ಬರಿಗೆ ತಗುಲಿದರೆ ಆ ಎಸೆತ ಆಗ ಸಲ್ಲುತ್ತಿರಲಿಲ್ಲ. ಮುಖ್ಯ ತೀರ್ಪುಗಾರರು ಮೈದಾನದಿಂದ ಟೆಲಿಫೋನಿನಲ್ಲಿ ಮೇಲಧಿಕಾರಿಯೊಡನೆ ಮಾತಾಡಿ, ಅಂಕ ಸಂದಿದೆಯೆಂದು ಸಾರಿದರು. ಆ ಫೋನಿನಲ್ಲಿ ಏನು ಮಾತಾಡಿದರೆಂಬುದೇ ಐವತ್ತು ವರ್ಷಗಳ ಚರ್ಚೆಯಾಯಿತು. ೧೯೭೮ರಲ್ಲಿ ಆ ನಿಯಮವೂ ಹೋಯಿತು.

ದೂರದರ್ಶನದ ಚಿತ್ರವನ್ನು ಮತ್ತೆ ಓಡಿಸಿ ನೋಡಿದರೆ ಜಗಳ ನಿಂತೀತೆಂದು ೧೯೮೬ರಲ್ಲಿ ಅದನ್ನೂ ತಂದರು. ೧೯೯೨ರ ಹೊತ್ತಿಗೆ ಬೇಸತ್ತು ಕೈಬಿಟ್ಟರು. ೧೯೯೯ರಲ್ಲಿ ಮತ್ತೆ ತಂದರು. ೨೦೧೯ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ತಂಡದ ಆಟಗಾರನನ್ನು ಚೆಂಡು ತಲುಪುವ ಮುನ್ನವೇ ಎದುರಾಳಿ ಕೆಡವಿದ್ದು ಲಕ್ಷಾಂತರ ಜನರಿಗೆ ಕಂಡಿತು, ತೀರ್ಪುಗಾರರಿಗೆ ಕಾಣಲಿಲ್ಲ. ಆ ಬಗೆಯ ತಪ್ಪಿಗೆ ಮರುನೋಟದ ಅವಕಾಶವೂ ಇರಲಿಲ್ಲ. ತಂಡ ಸೋತಿತು. ಅಭಿಮಾನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಲೂಯಿಸಿಯಾನದ ಸರ್ವೋಚ್ಚ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ಲೀಗಿನವರು ಒಂದು ವರ್ಷದ ಮಟ್ಟಿಗೆ ಆ ತಪ್ಪನ್ನೂ ಮರುನೋಟಕ್ಕೆ ಒಳಪಡಿಸಿದರು. ಅದರಿಂದ ಗೊಂದಲ ಹೆಚ್ಚಿತು, ೨೦೨೦ರಲ್ಲಿ ಹಿಂದೆಗೆದುಕೊಂಡರು. ಕಣ್ಣು ಎಷ್ಟು ಹೆಚ್ಚಿದರೂ ವಾದ ಕಡಿಮೆಯಾಗಲಿಲ್ಲ ನೋಡಿ.

ಇನ್ನು ಆಯ್ಕೆಯ ವಿಷಯ. ನಮ್ಮ ಕ್ರಿಕೆಟಿನಲ್ಲಿ ೨೦೦೮ರಿಂದ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದನ್ನು ನೀವು ಬಲ್ಲಿರಿ. ಅಲ್ಲಿ ಹೆಚ್ಚು ಕೂಗಿದವನಿಗೆ ಆಟಗಾರ. ಅಮೆರಿಕದವರ ಪದ್ಧತಿ ಹಾಗಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯದು. ಹೀಗೆ ಸರದಿಯ ಮೇಲೆ ಕಾಲೇಜಿನ ಹುಡುಗರನ್ನು ಹಂಚಿಕೊಳ್ಳುತ್ತಾರೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು.

ಇದನ್ನು ಸೂಚಿಸಿದವರು ಫಿಲಡೆಲ್ಫಿಯ ಈಗಲ್ಸ್ ತಂಡದ ಒಡೆಯ ಬರ್ಟ್ ಬೆಲ್. ಪಾಪ, ಅವರ ತಂಡ ೧೯೩೫ರಲ್ಲಿ ಗೆದ್ದದ್ದು ಎರಡು, ಸೋತದ್ದು ಒಂಬತ್ತು. ಒಳ್ಳೆಯ ಆಟಗಾರರೆಲ್ಲ ಹಣವಂತ ತಂಡಗಳ ಕಡೆ ಹೋಗುತ್ತಿದ್ದರೆ ಬಡ ತಂಡಗಳು ಬಾಗಿಲು ಹಾಕಬೇಕಾಗುತ್ತದೆ, ಆಗ ಹಣವಂತರು ಆಡುವುದು ಯಾರೊಡನೆ? ಈ ತರ್ಕ ಎಲ್ಲ ಒಡೆಯರಿಗೂ ಹಿಡಿಸಿತು. ೧೯೩೬ರ ಫೆಬ್ರುವರಿ ೮ರಂದು ಫಿಲಡೆಲ್ಫಿಯದ ರಿಟ್ಸ್ ಕಾರ್ಲ್‌ಟನ್ ಹೋಟೆಲಿನಲ್ಲಿ ಒಂಬತ್ತು ತಂಡಗಳವರು ಸೇರಿದರು. ಹಲಗೆಯ ಮೇಲೆ ೯೦ ಹೆಸರು ಬರೆದಿತ್ತು. ೮೧ ಮಂದಿಯನ್ನು ಹಂಚಿಕೊಂಡರು. ಮೊಟ್ಟಮೊದಲ ಆಯ್ಕೆ ಬೆಲ್ಲರದೇ: ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವ್ಯಾಂಗರ್, ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ.

ತಮಾಷೆಯೆಂದರೆ ಬರ್ವ್ಯಾಂಗರ್ ಈ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಬೆಲ್ ಅವನ ಮೇಲಿನ ಹಕ್ಕನ್ನು ಷಿಕಾಗೋ ಬೇರ್ಸ್‌ಗೆ ದಾಟಿಸಿದರು. ಬರ್ವ್ಯಾಂಗರ್ ಕೇಳಿದ ಹಣ ಅವರಿಗೆ ಹೆಚ್ಚೆನಿಸಿತು. ಅವನು ರಬ್ಬರಿನ ಮೆತ್ತೆಯ ಸರಕು ಮಾರುವ ಕಂಪೆನಿ ಸೇರಿ ಸುಖವಾಗಿದ್ದ. ಆದರೆ ಅವನ ಕಥೆಯೊಳಗೆ ಒಂದು ಮುಳ್ಳೂ ಇದೆ. ಷಿಕಾಗೋದವರು ಕೊಟ್ಟಷ್ಟು ತೆಗೆದುಕೊಳ್ಳಬೇಕು, ಇಲ್ಲವೆ ಆಟ ಬಿಡಬೇಕು. ಬೇರೆ ತಂಡದ ಬಾಗಿಲು ತಟ್ಟುವಂತಿರಲಿಲ್ಲ. ಬಡ ತಂಡವನ್ನು ಕಾಯುವ ನಿಯಮ, ಹುಡುಗನ ಸಂಬಳವನ್ನು ಒತ್ತಿಹಿಡಿಯುವ ನಿಯಮವೂ ಆಯಿತು.

ಆ ಹಲಗೆಯ ಮೇಲೆ ಇರದೆ ಹೋದ ಹೆಸರುಗಳ ಮಾತನ್ನೂ ಹೇಳಬೇಕು. ೧೯೩೪ರಿಂದ ೧೯೪೫ರವರೆಗೆ ಆ ಲೀಗಿನಲ್ಲಿ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. ಬರೆದಿಟ್ಟ ನಿಯಮವೇನೂ ಇರಲಿಲ್ಲ. ಬರೆಯದ ನಿಯಮವೇ ಸಾಕಾಗಿತ್ತು. ಲಾಸ್ ಏಂಜಲ್ಸಿನ ಕಾಲೇಜಿನಲ್ಲಿ ೧೯೩೯ರಲ್ಲಿ ಕೆನ್ನಿ ವಾಷಿಂಗ್ಟನ್ ಮೆರೆದ ರೀತಿಗೆ ದೇಶವೇ ಬೆರಗಾಗಿತ್ತು. ಮುಂದಿನ ಡ್ರಾಫ್ಟಿನಲ್ಲಿ ಅವನನ್ನು ಯಾರೂ ಆರಿಸಲಿಲ್ಲ. ೧೯೪೬ರಲ್ಲಿ ರ‍್ಯಾಮ್ಸ್ ತಂಡ ಲಾಸ್ ಏಂಜಲ್ಸಿಗೆ ಬಂದು ಊರಿನ ಸಾರ್ವಜನಿಕ ಕ್ರೀಡಾಂಗಣವನ್ನು ಬಯಸಿದಾಗ, ಕರಿಯರನ್ನು ಸೇರಿಸಿಕೊಳ್ಳಿರೆಂದು ಜನ ಒತ್ತಾಯ ಹೇರಿದರು. ಆಗ ವಾಷಿಂಗ್ಟನ್ನನಿಗೂ ವುಡಿ ಸ್ಟ್ರೋಡನಿಗೂ ಬಾಗಿಲು ತೆರೆಯಿತು. ಅಷ್ಟರಲ್ಲಿ ವಾಷಿಂಗ್ಟನ್ನನ ಮೊಣಕಾಲುಗಳು ಸವೆದಿದ್ದವು. ಮೂರು ವರ್ಷ ಆಡಿ ನಿಲ್ಲಿಸಿದ. ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಕರಿಯ ಆಟಗಾರ ಜಾರ್ಜ್ ಟಾಲಿಯಫೆರೊ. ಅದು ೧೯೪೯ರಲ್ಲಿ, ಹದಿಮೂರನೆಯ ಸುತ್ತಿನಲ್ಲಿ. ಯೋಗ್ಯತೆಯನ್ನು ಅಳೆಯುವ ತಕ್ಕಡಿಯೆಂದು ಡ್ರಾಫ್ಟನ್ನು ಹೊಗಳುವವರು ಈ ಹದಿಮೂರು ವರ್ಷಗಳನ್ನು ಮರೆಯಬಾರದು.

ಒಪ್ಪಂದ ಮುಗಿದ ಆಟಗಾರನ ಸ್ಥಿತಿಯೂ ಹೆಚ್ಚೇನೂ ಬೇರೆಯಲ್ಲ. ೧೯೬೩ರಲ್ಲಿ ಲೀಗಿನ ಕಮಿಷನರ್ ಪೀಟ್ ರೊಜೆಲ್ ಒಂದು ಕಟ್ಟಳೆ ಮಾಡಿದರು: ಅಂಥವನನ್ನು ಕರೆದುಕೊಳ್ಳುವ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು, ಒಪ್ಪಂದವಾಗದಿದ್ದರೆ ಎಷ್ಟೆಂದು ಕಮಿಷನರರೇ ಗೊತ್ತುಮಾಡುತ್ತಾರೆ. ಎಷ್ಟು ತೆರಬೇಕಾದೀತೋ ಎಂಬ ಅಂಜಿಕೆಯಿಂದ ಕೊಳ್ಳುವವರೇ ವಿರಳರಾದರು. ಬಾಲ್ಟಿಮೋರಿನ ಜಾನ್ ಮ್ಯಾಕೀ, ಆಟಗಾರರ ಸಂಘದ ಅಧ್ಯಕ್ಷ, ಇದರ ವಿರುದ್ಧ ದಾವೆ ಹೂಡಿ ೧೯೭೬ರಲ್ಲಿ ಮೇಲ್ಮನವಿಯ ನ್ಯಾಯಾಲಯದಲ್ಲೂ ಗೆದ್ದರು. ಮುಂದೆ ಅವರಿಗೆ ಮರೆವಿನ ರೋಗ ಬಂತು. ಅಂಥ ಹಳೆಯ ಆಟಗಾರರ ಆರೈಕೆಗೆ ೨೦೦೭ರಲ್ಲಿ ಹೊರಟ ಯೋಜನೆಗೆ ಅವರ ಅಂಗಿಯ ಸಂಖ್ಯೆಯಾದ ೮೮ರ ಹೆಸರನ್ನೇ ಇಟ್ಟರು.

ಯಾಜೂ ಸ್ಮಿತ್ ಎಂಬ ತರುಣನದು ಇನ್ನೂ ನೇರವಾದ ಪ್ರಶ್ನೆ. ೧೯೬೮ರಲ್ಲಿ ವಾಷಿಂಗ್ಟನ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಆ ವರ್ಷದ ಕೊನೆಯ ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟಾಗಿ ಅವನ ಆಟ ಮುಗಿಯಿತು. ಎಲ್ಲ ತಂಡಗಳೊಡನೆ ಚೌಕಾಸಿ ಮಾಡುವ ಸ್ವಾತಂತ್ರ್ಯವಿದ್ದಿದ್ದರೆ ಗಾಯಕ್ಕೂ ಭರವಸೆಯಿರುವ ಒಪ್ಪಂದ ಪಡೆಯುತ್ತಿದ್ದೆ ಎಂಬುದು ಅವನ ವಾದ. ಅಂದಿನ ಡ್ರಾಫ್ಟ್ ಕಾನೂನಿಗೆ ವಿರುದ್ಧವೆಂದು ೧೯೭೬ರಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ೧೯೭೮ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಒಪ್ಪಿತು. ಆದರೆ ಅಷ್ಟರೊಳಗೆ, ೧೯೭೭ರಲ್ಲಿ, ಆಟಗಾರರ ಸಂಘವೇ ಒಡೆಯರೊಡನೆ ಒಪ್ಪಂದ ಮಾಡಿಕೊಂಡು ಡ್ರಾಫ್ಟಿಗೆ ಸಮ್ಮತಿಯಿತ್ತಿತ್ತು. ಹೀಗಾಗಿ ಡ್ರಾಫ್ಟ್ ಉಳಿಯಿತು. ಸಂಘದ ಸದಸ್ಯರು ಈಗಾಗಲೇ ಆಡುತ್ತಿದ್ದವರು; ಇನ್ನೂ ಕಾಲೇಜಿನಲ್ಲಿರುವ ಹುಡುಗನ ಪರವಾಗಿ ಆ ಮೇಜಿನ ಮುಂದೆ ಕುಳಿತವರು ಯಾರೆಂದು ಕೇಳಬೇಕೆನಿಸುತ್ತದೆ. ೧೯೯೩ರ ಒಪ್ಪಂದದಿಂದ ಕೆಲವು ವರ್ಷ ಆಡಿದವರಿಗೆ ತಂಡ ಬದಲಿಸುವ ನಿಜವಾದ ಸ್ವಾತಂತ್ರ್ಯ ಬಂತು. ಬದಲಿಗೆ ೧೯೯೪ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕಿದರು. ಮೊದಲ ವರ್ಷದ ಮಿತಿ ಮೂರು ಕೋಟಿ ನಲವತ್ತಾರು ಲಕ್ಷ ಡಾಲರು.

ಮಿತಿ ಬಂದಮೇಲೆ ಬೆಲೆಯ ವಾದಕ್ಕೆ ಹೊಸ ಕಳೆ ಬಂತು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗಲೇಬೇಕಲ್ಲ! ಇದಕ್ಕೂ ಮೊದಲು, ೧೯೮೯ರಲ್ಲಿ, ಡಲ್ಲಾಸಿನವರು ಹರ್ಷೆಲ್ ವಾಕರ್ ಎಂಬ ತಮ್ಮ ಏಕೈಕ ತಾರೆಯನ್ನು ಮಿನಿಸೋಟಕ್ಕೆ ಕೊಟ್ಟು, ಪ್ರತಿಯಾಗಿ ಆಟಗಾರರನ್ನೂ ಡ್ರಾಫ್ಟ್ ಸರದಿಗಳ ದೊಡ್ಡ ಕಟ್ಟನ್ನೂ ಪಡೆದಿದ್ದರು. ಆ ವರ್ಷ ಒಂದೇ ಪಂದ್ಯ ಗೆದ್ದ ಡಲ್ಲಾಸ್, ೧೯೯೩ರಿಂದ ೧೯೯೬ರೊಳಗೆ ಮೂರು ಸಲ ಪರಮ ಪ್ರಶಸ್ತಿ ಗಳಿಸಿತು. ಅದೇ ತಂಡದವರು ಯಾವ ಸರದಿಗೆ ಎಷ್ಟು ಬೆಲೆಯೆಂದು ಒಂದು ಪಟ್ಟಿಯನ್ನೂ ಮಾಡಿದರು. ಮೊದಲ ಸರದಿಗೆ ೩,೦೦೦ ಅಂಕ. ಆ ಪಟ್ಟಿ ಊರೆಲ್ಲ ಹರಡಿತು. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು ಲೆಕ್ಕ ಹಾಕಿ, ತಂಡಗಳು ಮೊದಲ ಸರದಿಗಳಿಗೆ ಕೊಡುವ ಬೆಲೆ ಅತಿಯಾಯಿತೆಂದು ಹೇಳಿದರು. ಥೇಲರರಿಗೆ ೨೦೧೭ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೂ ಏಪ್ರಿಲ್ ಬಂದರೆ ಒಡೆಯರು ಮೊದಲ ಸರದಿಗಾಗಿ ಹಾತೊರೆಯುವುದು ತಪ್ಪಿಲ್ಲ.

ಲೆಕ್ಕ ತಪ್ಪಿಸಿದವರೂ ಇದ್ದಾರೆ. ಟಾಮ್ ಬ್ರೇಡಿ ೨೦೦೦ದಲ್ಲಿ ೧೯೯ನೆಯವನಾಗಿ ಆರಿಸಲ್ಪಟ್ಟ. ಏಳು ಪರಮ ಪ್ರಶಸ್ತಿಗಳನ್ನು ಗೆದ್ದು ೨೦೨೩ರಲ್ಲಿ ನಿವೃತ್ತನಾದ. ಮೊದಲ ಪ್ರಶಸ್ತಿಯ ದಾರಿಯಲ್ಲಿ, ೨೦೦೨ರ ಜನವರಿಯ ಒಂದು ಹಿಮದ ರಾತ್ರಿ, ಅವನ ಕೈಯಿಂದ ಚೆಂಡು ಜಾರಿ ಎದುರಾಳಿಗೆ ಸಿಕ್ಕಿತ್ತು. ತೀರ್ಪುಗಾರರು ಚಿತ್ರ ನೋಡಿ ಅದು ಜಾರಿದ್ದಲ್ಲ, ಎಸೆತವೇ ಎಂದರು. ಎದುರಾಳಿ ಯಾರೆನ್ನುತ್ತೀರಿ? ಅದೇ ಓಕ್ಲೆಂಡ್. ಆ ತೀರ್ಪಿಗೆ ಆಧಾರವಾದ ನಿಯಮವನ್ನು ೨೦೧೩ರಲ್ಲಿ ಕಿತ್ತುಹಾಕಿದರು.

ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಕೊನೆಗೆ ಆಯ್ಕೆಯಾದವನಿಗೆ ೧೯೭೬ರಿಂದ ಒಂದು ಪರಿಹಾಸ್ಯದ ಬಿರುದುಂಟು. ನಮ್ಮ ಮಾತಿನಲ್ಲಿ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದರೆ ಸರಿಹೋಗುತ್ತದೆ. ೨೦೨೨ರಲ್ಲಿ ಆ ಬಿರುದು ಸಿಕ್ಕಿದ್ದು ೨೬೨ನೆಯ ಆಯ್ಕೆಯಾದ ಬ್ರಾಕ್ ಪರ್ಡಿಗೆ. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಮೇಲಿನ ಆಟಗಾರರು ಗಾಯಗೊಂಡಾಗ ಅವನನ್ನು ಇಳಿಸಿದರು. ೨೦೨೪ರ ಫೆಬ್ರುವರಿಯಲ್ಲಿ ಅವನು ಪರಮ ಪ್ರಶಸ್ತಿಯ ಪಂದ್ಯದಲ್ಲೇ ಆಡಿದ. ೨೦೨೫ರಲ್ಲಿ ಅವನೊಡನೆ ಐದು ವರ್ಷಕ್ಕೆ ಇಪ್ಪತ್ತಾರೂವರೆ ಕೋಟಿ ಡಾಲರಿನ ಒಪ್ಪಂದವಾಯಿತು. ಅಷ್ಟು ಹಣ ಅವನಿಗೆ ಹೆಚ್ಚಾಯಿತೆಂದು ಆ ಊರಿನ ಅಭಿಮಾನಿಗಳಲ್ಲಿ ಅರ್ಧ ಜನ, ಇಲ್ಲವೆಂದು ಇನ್ನರ್ಧ ಜನ.