ಭೌತಶಾಸ್ತ್ರ ಶಿಕ್ಷಕರ ಸಿದ್ಧತೆ: ಕರ್ನಾಟಕದ ಪದವಿ ಮಾರ್ಗಗಳ ಒಂದು ಸಮೀಕ್ಷೆ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಭಾಗದಲ್ಲಿ ವಿಜ್ಞಾನ ಓದಿ, ಭೌತಶಾಸ್ತ್ರದ ಅಧ್ಯಾಪನವನ್ನೇ ವೃತ್ತಿಯಾಗಿ ಕೈಗೊಳ್ಳಬಯಸುವವರ ಮುಂದೆ ಇಂದು ಬಿ.ಇಡಿ., ಎಂ.ಎಸ್ಸಿ., ಎಂ.ಎಸ್ಸಿ.ಇಡಿ., ಎಂ.ಇಡಿ. ಎಂಬ ಹಲವು ಪದವಿಗಳಿವೆ. ಇವು ಒಂದೇ ಕಾಲದಲ್ಲಿ ರೂಪುಗೊಂಡವಲ್ಲ. ವಿಷಯಜ್ಞಾನಕ್ಕೂ ಬೋಧನೆಯ ಕೌಶಲಕ್ಕೂ ಇರುವ ಸಂಬಂಧವನ್ನು ಆಯಾ ಕಾಲ ಅರಿತ ಬಗೆಯನ್ನು ಇವು ತೋರಿಸುವುದರಿಂದ, ಆಯ್ಕೆಗೆ ಮೊದಲು ಈ ಬೆಳವಣಿಗೆಯನ್ನು ತಿಳಿಯುವುದು ಅಗತ್ಯ.

ಮೊದಲು ವಿಷಯದ ಪದವಿ, ಅನಂತರ ಪ್ರತ್ಯೇಕ ಕಾಲೇಜಿನಲ್ಲಿ ಒಂದು ವರ್ಷದ ಬಿ.ಇಡಿ. ಎಂಬುದು ದೀರ್ಘಕಾಲ ನಡೆದುಬಂದ ಕ್ರಮ. 1964–66ರ ಕೊಠಾರಿ ಆಯೋಗವು ಈ ಕಾಲೇಜುಗಳು ವಿಶ್ವವಿದ್ಯಾಲಯಗಳ ವಿದ್ವತ್ ಜೀವನದಿಂದಲೂ ಶಾಲೆಗಳಿಂದಲೂ ಬೇರ್ಪಟ್ಟಿರುವುದನ್ನು ದೊಡ್ಡ ಕೊರತೆಯೆಂದು ಗುರುತಿಸಿತು. ಅದಕ್ಕೂ ಮೊದಲೇ, 1963ರಲ್ಲಿ, ಎನ್‌ಸಿಇಆರ್‌ಟಿ ಮೈಸೂರು, ಅಜ್ಮೀರ್, ಭೋಪಾಲ್ ಮತ್ತು ಭುವನೇಶ್ವರಗಳಲ್ಲಿ ಆರಂಭಿಸಿದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ವಿಜ್ಞಾನವನ್ನೂ ಶಿಕ್ಷಣಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷಗಳ ಸಂಯೋಜಿತ ಪದವಿಯನ್ನು ರೂಪಿಸಿದ್ದವು. ಮೈಸೂರಿನ ಸಂಸ್ಥೆ ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ.ಇಡಿ.ಯನ್ನೂ, ಅಂದರೆ ಸ್ನಾತಕೋತ್ತರ ಮಟ್ಟದ ವಿಷಯಾಧ್ಯಯನ ಮತ್ತು ಶಿಕ್ಷಕ ತರಬೇತಿ ಒಂದಾದ ಪದವಿಯನ್ನೂ ನೀಡಿತು.

ಈ ಜೋಡಣೆಗೆ ಸೈದ್ಧಾಂತಿಕ ಆಧಾರ ಹೊರಗಿನಿಂದಲೂ ಒದಗಿತು. ಅಮೆರಿಕದಲ್ಲಿ ಲಿಲಿಯನ್ ಮೆಕ್‌ಡರ್ಮಟ್ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲೇ ಕಲಿಕೆಯ ಸಂಶೋಧನೆಯನ್ನು ಬೆಳೆಸಿದರು. 1986ರಲ್ಲಿ ಲೀ ಶುಲ್ಮನ್ ಅವರು ಒಂದು ವಿಷಯವನ್ನು ಕಲಿಯುವವರಿಗೆ ಎಟುಕುವಂತೆ ಮಂಡಿಸುವ ವಿಶಿಷ್ಟ ಜ್ಞಾನವನ್ನು ವಿಷಯಜ್ಞಾನದಿಂದ ಬೇರೆಯಾಗಿ ಗುರುತಿಸಿದರು. ಮೇಲಕ್ಕೆ ಎಸೆದ ಅಡಿಕೆಕಾಯಿ ತುತ್ತತುದಿಯಲ್ಲಿ ಕ್ಷಣಕಾಲ ವೇಗ ಕಳೆದುಕೊಂಡಾಗ ಅದರ ಮೇಲೆ ಯಾವ ಬಲವೂ ಇಲ್ಲವೆಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಆಗಲೂ ಗುರುತ್ವ ಬಲ ಇದ್ದೇ ಇರುತ್ತದೆಂಬುದು ವಿಷಯಜ್ಞಾನ. ಈ ತಪ್ಪು ಕಲ್ಪನೆಯನ್ನು ಮುಂಚೆಯೇ ಊಹಿಸಿ, ಅದನ್ನು ಹೊರಗೆಡಹುವ ಪ್ರಶ್ನೆಯನ್ನೋ ಪ್ರಯೋಗವನ್ನೋ ಯೋಜಿಸುವುದು ಶುಲ್ಮನ್ ಹೇಳಿದ ಜ್ಞಾನ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಇಡಿ.ಯನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಶಾಲೆಯಲ್ಲಿದ್ದು ಕಲಿಯುವ ಅವಧಿಯನ್ನು ಒಟ್ಟು 20 ವಾರಗಳಿಗೆ ನಿಗದಿಪಡಿಸಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಇಡಿ.ಯೇ ಶಾಲಾ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದಿತು. ಮೈಸೂರಿನಲ್ಲಿ 1963ರಲ್ಲಿ ಕೈಗೊಂಡ ಪ್ರಯೋಗ ಹೀಗೆ ರಾಷ್ಟ್ರದ ಗುರಿಯಾಯಿತು.

ಈ ಹಿನ್ನೆಲೆಯಲ್ಲಿ ಶೃಂಗೇರಿಯ ವಿದ್ಯಾರ್ಥಿಯ ಆಯ್ಕೆ ಸ್ಪಷ್ಟವಾಗುತ್ತದೆ. ಪಟ್ಟಣದಲ್ಲೇ ಇರುವ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ ಗಾಂಧಿ ಪರಿಸರದಲ್ಲಿ ಬಿ.ಇಡಿ.ಗೆ ಸಮಾನವಾದ ಶಿಕ್ಷಾಶಾಸ್ತ್ರಿ ಪದವಿ ಇದ್ದರೂ ಅದು ಸಂಸ್ಕೃತ ಶಿಕ್ಷಕರಿಗೆ ಮೀಸಲಾದದ್ದು. ಆದ್ದರಿಂದ ಭೌತಶಾಸ್ತ್ರದವರು ಊರು ಬಿಡುವುದು ಅನಿವಾರ್ಯ. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಕಲಿಸುವ ಪಿಸಿಎಂ ಶಿಕ್ಷಕರಾಗಲು ಆ ವಿಷಯಗಳ ಪದವಿಯೊಂದಿಗೆ ಬಿ.ಇಡಿ. ಬೇಕು; ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಎಂ.ಎಸ್ಸಿ. ಮತ್ತು ಬಿ.ಇಡಿ. ಎರಡೂ ಬೇಕು. ಎಂ.ಎಸ್ಸಿ.ಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಹತ್ತಿರದ ದಾರಿ. ಪಿಯುಸಿ ಮುಗಿಸಿದ ಕೂಡಲೇ ನಿರ್ಧರಿಸಬಲ್ಲವರಿಗೆ ಮೈಸೂರಿನ ಸಂಯೋಜಿತ ಪದವಿಗಳು ಹೆಚ್ಚು ಸೂಕ್ತ. ಎಂ.ಇಡಿ. ಮುಖ್ಯವಾಗಿ ಶಿಕ್ಷಕರನ್ನು ತರಬೇತುಗೊಳಿಸುವವರ ಪದವಿಯಾದ್ದರಿಂದ ಅದು ಎಂ.ಎಸ್ಸಿ.ಗೆ ಬದಲಿಯಲ್ಲ.

ಕಾಲೇಜು ಹತ್ತಿರವಿದೆ, ಶುಲ್ಕ ಕಡಿಮೆ ಎಂಬ ಕಾರಣಗಳು ಸಹಜವಾದರೂ ಅವಷ್ಟೇ ಸಾಲವು. ಭೌತಶಾಸ್ತ್ರ ಬೋಧನೆಯ ತರಗತಿಯನ್ನು ಆ ವಿಷಯದಲ್ಲೇ ಪರಿಣತರು ನಡೆಸುತ್ತಾರೆಯೇ, ಪ್ರಯೋಗಾಲಯ ನಿತ್ಯ ಬಳಕೆಯಲ್ಲಿದೆಯೇ, ಶಾಲೆಯಲ್ಲಿನ 20 ವಾರಗಳು ನಿಜವಾಗಿ ನಡೆದು ಪ್ರತಿ ಪಾಠಕ್ಕೂ ಮಾರ್ಗದರ್ಶನ ದೊರೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳೂ ಪೋಷಕರೂ ಪ್ರವೇಶಕ್ಕೆ ಮೊದಲೇ ಕೇಳಿ, ಉತ್ತರ ಪಡೆದು ನಿರ್ಧರಿಸಬೇಕು.