ಕೊಡೆ ಚಿಕ್ಕದು, ಊರು ದೊಡ್ಡದು: 1944ರ ಲಂಡನ್

ಉಕ್ರೇನ್ ಯುದ್ಧ ಶುರುವಾದಾಗಿನಿಂದ ಡ್ರೋನ್ ದಾಳಿಯ ಸುದ್ದಿ ಓದುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. 2025ರ ಮೇ 7ರಂದು ನಾವು ನೆಲೆಸಿರುವ ಮುಂಬೈ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲೂ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯಿತು. ಪೈಲಟ್ ಇಲ್ಲದೆ, ಕಡಿಮೆ ಖರ್ಚಿನಲ್ಲಿ, ಸದ್ದು ಮಾಡಿಕೊಂಡು ಬರುವ ಬಾಂಬು ಈ ಶತಮಾನದ ಹೊಸ ಸಂಕಟ ಎಂದು ಹಲವರ ಭಾವನೆ. ಆದರೆ ಒಂದು ಮಹಾನಗರ ಅದನ್ನು ತಿಂಗಳುಗಟ್ಟಲೆ ಎದುರಿಸಿ ಎಂಬತ್ತು ವರ್ಷಗಳೇ ಕಳೆದಿವೆ. ಆ ಕಥೆಯಲ್ಲಿ ತಂತ್ರಜ್ಞಾನ ಎಷ್ಟಿದೆಯೋ, ಉತ್ತರ ಸಿಗದ ಒಂದು ನೈತಿಕ ಪ್ರಶ್ನೆಯೂ ಅಷ್ಟೇ ಇದೆ.

1944ರ ಜೂನ್ 13. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಒಂದು ವಾರವಾಗಿತ್ತು. ಯುದ್ಧ ಮುಗಿಯುತ್ತಾ ಬಂತು ಎಂದು ಲಂಡನ್ನಿನ ಜನ ಉಸಿರು ಬಿಡುತ್ತಿದ್ದ ಹೊತ್ತಿಗೆ ನಗರದ ಪೂರ್ವಭಾಗದ ಗ್ರೋವ್ ರೋಡ್‌ನಲ್ಲಿ ರೈಲ್ವೆ ಸೇತುವೆಯ ಮೇಲೆ ಒಂದು ಬಾಂಬು ಬಿತ್ತು. ಆರು ಜನ ಸತ್ತರು. ಅದೇ ಲಂಡನ್ ಮೇಲೆ ಬಿದ್ದ ಮೊದಲ ವಿ-1. ಉಕ್ಕಿನ ತಗಡಿನ ಒಡಲು, ಬೆನ್ನ ಮೇಲೊಂದು ಸರಳ ಜೆಟ್ ಎಂಜಿನ್, ಮೂತಿಯಲ್ಲಿ ಸುಮಾರು 850 ಕಿಲೋ ಸ್ಫೋಟಕ. ವೇಗ ಗಂಟೆಗೆ ಸುಮಾರು 640 ಕಿಲೋಮೀಟರ್. ದಿಕ್ಕು ಕಾಯಲು ಗೈರೋಸ್ಕೋಪ್ ಇತ್ತು. ದೂರ ಅಳೆಯಲು ಮೂತಿಯ ತುದಿಯಲ್ಲಿ ಗಾಳಿಗೆ ತಿರುಗುವ ಪುಟ್ಟ ಚಕ್ರವಿತ್ತು. ಚಕ್ರ ನಿಗದಿತ ಸುತ್ತು ಮುಗಿಸಿದರೆ ಬಾಂಬು ಮೂತಿ ಬಗ್ಗಿಸಿ ನೆಲಕ್ಕೆ ಎರಗುತ್ತಿತ್ತು.

ಕೆಟ್ಟುಹೋದ ಮೋಟಾರ್ ಸೈಕಲ್ಲಿನಂಥ ಅದರ ಸದ್ದು ಬಹುದೂರದಿಂದಲೇ ಕೇಳುತ್ತಿತ್ತು. ಸದ್ದು ಇರುವವರೆಗೆ ಭಯವಿಲ್ಲ. ನಿಂತಿತೆಂದರೆ ಇನ್ನು ಹತ್ತು ಹನ್ನೆರಡು ಸೆಕೆಂಡಿನಲ್ಲಿ ಎಲ್ಲೋ ಹತ್ತಿರದಲ್ಲೇ ಬೀಳುತ್ತದೆ ಎಂದರ್ಥ. ಜೂನ್ 18ರ ಭಾನುವಾರ ಪ್ರಾರ್ಥನೆ ನಡೆಯುತ್ತಿದ್ದ ಗಾರ್ಡ್ಸ್ ಚಾಪೆಲ್ ಮೇಲೆ ಬಿದ್ದ ಒಂದೇ ಬಾಂಬಿಗೆ ಸುಮಾರು 120 ಜನ ಬಲಿಯಾದರು. ಜುಲೈನಲ್ಲಿ ನೆಲದಾಳದ ದೊಡ್ಡ ಆಶ್ರಯತಾಣಗಳನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ತಲಾ 8 ಸಾವಿರ ಜನ ಮಲಗಬಹುದಾದ ಸುರಂಗಗಳವು. ಆ ಬೇಸಿಗೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಲಂಡನ್ ಬಿಟ್ಟು ಹೋದರು.

ಬಾಂಬನ್ನು ಆಕಾಶದಲ್ಲೇ ತಡೆಯಲು ಮೂರು ಸಾಲುಗಳಿದ್ದವು. ಮುಂದೆ ಫೈಟರ್ ವಿಮಾನಗಳು, ಲಂಡನ್ನಿನ ದಕ್ಷಿಣದ ಗುಡ್ಡಸಾಲಿನಲ್ಲಿ ಫಿರಂಗಿಗಳು, ಕೊನೆಗೆ ಉಕ್ಕಿನ ಹಗ್ಗ ಇಳಿಬಿಟ್ಟ ಬಲೂನುಗಳು. ಕಾಗದದ ಮೇಲೆ ಚೆನ್ನಾಗಿದ್ದ ಈ ಯೋಜನೆ ಆಕಾಶದಲ್ಲಿ ಎಡವಿತು. ಬಾಂಬನ್ನು ಅಟ್ಟಿಸಿಕೊಂಡು ಬಂದ ಪೈಲಟ್ ತನ್ನದೇ ಪಡೆಯ ಫಿರಂಗಿಗಳ ವಲಯಕ್ಕೆ ನುಗ್ಗುತ್ತಿದ್ದ. ಫಿರಂಗಿಯವರು ಗುಂಡು ಹಾರಿಸಲೋ ಬೇಡವೋ ಎಂದು ತಡೆಯುತ್ತಿದ್ದರು. ಹೊಡೆದು ಉರುಳಿಸಿದ ಬಾಂಬೂ ಕೆಳಗಿನ ಹಳ್ಳಿಗಳ ಮೇಲೆಯೇ ಬೀಳುತ್ತಿತ್ತು. ಎರಡು ತಂಡಗಳು, ಎರಡೂ ಸಮರ್ಥ, ನಡುವಿನ ಗೆರೆ ಮಾತ್ರ ತಪ್ಪಾದ ಜಾಗದಲ್ಲಿ. ಪ್ರಾಜೆಕ್ಟ್ ನಡೆಸುವ ನನ್ನಂಥವರಿಗೆ ಇದು ಬಹಳ ಪರಿಚಿತ ರೋಗ.

ಗೆರೆಯನ್ನೇ ಬದಲಿಸುವ ಧೈರ್ಯ ಮಾಡಿದವರು ವಾಯುರಕ್ಷಣೆಯ ಹೊಣೆ ಹೊತ್ತಿದ್ದ ಏರ್ ಮಾರ್ಷಲ್ ರೋಡರಿಕ್ ಹಿಲ್. ಸ್ವತಃ ಫೈಟರ್ ಹಾರಿಸಿ ವಿ-1ಗಳ ಬೆನ್ನು ಹತ್ತಿ ನೋಡಿದ್ದ ಅವರಿಗೆ ಕಷ್ಟ ಎಲ್ಲಿದೆ ಎಂದು ಗೊತ್ತಿತ್ತು. ಫಿರಂಗಿ ಪಡೆಯ ಮುಖ್ಯಸ್ಥ ಜನರಲ್ ಫ್ರೆಡರಿಕ್ ಪೈಲ್ ಜೊತೆಗೂಡಿದರು. ಜುಲೈ 13ರಂದು ತೀರ್ಮಾನವಾಯಿತು: ಫಿರಂಗಿಗಳೆಲ್ಲ ಸಮುದ್ರ ತೀರಕ್ಕೆ, ಆ ಪಟ್ಟಿಯೊಳಗೆ ಫೈಟರ್‌ಗಳಿಗೆ ಪ್ರವೇಶವಿಲ್ಲ. ದಾಳಿ ಹಗಲೂ ರಾತ್ರಿ ನಡೆಯುತ್ತಿರುವಾಗಲೇ ಸುಮಾರು 23 ಸಾವಿರ ಗಂಡಸರು ಹೆಂಗಸರು, 30 ಸಾವಿರ ಟನ್ ಮದ್ದುಗುಂಡು, 3 ಸಾವಿರ ಮೈಲಿ ಟೆಲಿಫೋನ್ ತಂತಿ ಜಾಗ ಬದಲಿಸಿದವು. ಭಾರಿ ಫಿರಂಗಿಗಳು 17ರ ಬೆಳಗಿನ ಹೊತ್ತಿಗೆ ಸಿದ್ಧವಾಗಿದ್ದವು. ಮೇಲಧಿಕಾರಿಗಳಿಗೆ ಸಿಟ್ಟು ಬಂತು. ಎಡವಟ್ಟಾಗಿದ್ದರೆ ಹಿಲ್ ತಲೆಗೇ ಬರುತ್ತಿತ್ತು.

ಜಾಗದ ಜೊತೆಗೆ ಮೂರು ಹೊಸ ಉಪಕರಣಗಳೂ ಕೂಡಿಬಂದವು. ಬಾಂಬನ್ನು ತಾನೇ ಹಿಂಬಾಲಿಸುವ ಅಮೆರಿಕದ ರೇಡಾರ್. ಗುಂಡು ಮೇಲೇರುವ ಹೊತ್ತಿಗೆ ಬಾಂಬು ಎಲ್ಲಿರುತ್ತದೆಂದು ಲೆಕ್ಕ ಹಾಕುವ ಬೆಲ್ ಲ್ಯಾಬ್ಸ್‌ನ ವಿದ್ಯುತ್ ಗಣಕ. ಗುರಿಯ ಹತ್ತಿರ ಬಂದಾಗ ತಾನಾಗಿ ಸಿಡಿಯುವಂತೆ ಪುಟ್ಟ ರೇಡಿಯೋ ಅಡಕವಾಗಿದ್ದ ಗುಂಡು. ನೆಟ್ಟಗೆ, ಒಂದೇ ಎತ್ತರದಲ್ಲಿ ಹಾರುವ ವಿ-1 ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಗುರಿ. ಸ್ಥಳಾಂತರದ ಮೊದಲ ವಾರ ಫಿರಂಗಿಗಳು ಕೆಡವಿದ್ದು ನೂರಕ್ಕೆ 17. ಆಗಸ್ಟ್ ಕೊನೆಯ ಹೊತ್ತಿಗೆ 74. ಆಗಸ್ಟ್ 28ರಂದು ತೊಂಬತ್ತಕ್ಕೂ ಹೆಚ್ಚು ಬಾಂಬುಗಳು ಬಂದವು. ಲಂಡನ್ ತಲುಪಿದ್ದು ನಾಲ್ಕೇ.

ಈ ಭಾಗ ಎಂಜಿನಿಯರುಗಳಿಗೆ ಹೆಮ್ಮೆ ತರುವಂಥದ್ದು. ಇನ್ನೊಂದು ಭಾಗವನ್ನು ಓದುವಾಗ ಹಾಗನ್ನಿಸುವುದಿಲ್ಲ.

ಬಾಂಬುಗಳು ಎಲ್ಲಿ ಬೀಳುತ್ತಿವೆ ಎಂದು ತಿಳಿಯಲು ಜರ್ಮನರು ಲಂಡನ್ನಿನ ತಮ್ಮ ಗೂಢಚಾರರನ್ನು ಕೇಳುತ್ತಿದ್ದರು. ಆ ಗೂಢಚಾರರೆಲ್ಲ ಆಗಲೇ ಬ್ರಿಟಿಷರ ಕೈಗೊಂಬೆಗಳು. ಗುರಿ ಟವರ್ ಬ್ರಿಜ್ ಆಗಿದ್ದರೂ ಬಾಂಬುಗಳು ಸರಾಸರಿಯಲ್ಲಿ ಅದಕ್ಕಿಂತ ಮುಂಚೆ, ದಕ್ಷಿಣ ಲಂಡನ್ನಿನಲ್ಲಿ ಬೀಳುತ್ತಿದ್ದವು. ವಿಜ್ಞಾನಿ ಆರ್. ವಿ. ಜೋನ್ಸ್ ಒಂದು ಉಪಾಯ ಸೂಚಿಸಿದರು: ಗುರಿ ದಾಟಿ ಬಿದ್ದ ಬಾಂಬುಗಳ ಜಾಗವನ್ನೂ, ಮುಂಚೆಯೇ ಬಿದ್ದವುಗಳ ಸಮಯವನ್ನೂ ಬೆರೆಸಿ ವರದಿ ಕಳಿಸೋಣ. ದೂರ ಹೆಚ್ಚಾಯಿತೆಂದು ತಿಳಿದು ಅವರು ಇನ್ನೂ ಕಡಿಮೆ ಮಾಡುತ್ತಾರೆ. ಜನ ದಟ್ಟವಾಗಿರುವ ನಡು ಲಂಡನ್ ಉಳಿಯುತ್ತದೆ.

ಅಂದರೆ ದಕ್ಷಿಣದ ಬಡಾವಣೆಗಳ ಮೇಲೆ ಇನ್ನಷ್ಟು ಬೀಳುತ್ತವೆ. ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಇದನ್ನು ವಿರೋಧಿಸಿದರು. ಇವರು ಸಾಯಲಿ, ಅವರು ಬದುಕಲಿ ಎಂದು ತೀರ್ಮಾನಿಸಲು ಸರ್ಕಾರಕ್ಕೆ ಏನು ಹಕ್ಕಿದೆ ಎಂಬುದು ಅವರ ವಾದ. ವಾದ ನಡೆಯುತ್ತಿದ್ದರೂ ಸುಳ್ಳು ವರದಿಗಳು ಹೋಗುತ್ತಲೇ ಇದ್ದವು. ಜೋನ್ಸ್ ತಂದೆ ತಾಯಿ ಇದ್ದದ್ದು, ಅವರು ಓದಿದ ಶಾಲೆ ಇದ್ದದ್ದು ದಕ್ಷಿಣದ ಡಲ್ವಿಚ್‌ನಲ್ಲಿ, ಬಾಂಬುಗಳು ಹೆಚ್ಚು ಬೀಳುವ ಸೀಮೆಯಲ್ಲೇ. ಅದು ಗೊತ್ತಿದ್ದೇ ಅವರು ಈ ಸಲಹೆ ಕೊಟ್ಟಿದ್ದರು. ಅದರಿಂದ ಎಷ್ಟು ಜೀವ ಉಳಿಯಿತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಬಂದರು ಉಳಿಸಲು ಹೊರಟ ಆಂಟ್‌ವರ್ಪ್‌ನಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ಬೆಲ್ಜಿಯಂನ ಆ ಬಂದರು ಮಿತ್ರಪಡೆಗಳ ಸರಬರಾಜಿನ ಜೀವನಾಡಿ. 1944ರ ಅಕ್ಟೋಬರಿನಿಂದ ಅದರ ಮೇಲೂ ಬಾಂಬುಗಳ ಮಳೆ. ಅಲ್ಲಿನ ರಕ್ಷಣಾ ಪಡೆ ಹಡಗುಕಟ್ಟೆಯ ಸುತ್ತ ಒಂದು ವೃತ್ತ ಎಳೆದುಕೊಂಡಿತು. ಅದರೊಳಗೆ ಬೀಳಲಿದ್ದ ವಿ-1ಗಳಲ್ಲಿ ಬಹುಪಾಲನ್ನು ಕೆಡವಿತು. ಬಂದರು ನಡೆಯುತ್ತಲೇ ಇತ್ತು. ಆದರೆ ಡಿಸೆಂಬರ್ 16ರಂದು ರೆಕ್ಸ್ ಸಿನಿಮಾ ಮಂದಿರದ ಮೇಲೆ ವಿ-2 ರಾಕೆಟ್ ಬಿದ್ದು 567 ಜನ ಸತ್ತರು. ಶಬ್ದಕ್ಕಿಂತ ವೇಗವಾಗಿ ಬರುತ್ತಿದ್ದ ವಿ-2ಗೆ ಯಾವ ಫಿರಂಗಿಯೂ ಉತ್ತರವಾಗಿರಲಿಲ್ಲ, ಸೈರನ್ನಿಗೂ ಸಮಯವಿರಲಿಲ್ಲ. ಲಂಡನ್ ಸಮರ ಬಹುತೇಕ ಮುಗಿಯಿತೆಂದು ಸಚಿವ ಡಂಕನ್ ಸ್ಯಾಂಡಿಸ್ ಸೆಪ್ಟೆಂಬರ್ 7ರಂದು ಪತ್ರಕರ್ತರಿಗೆ ಹೇಳಿದ್ದರು. ಮರುದಿನವೇ ಮೊದಲ ವಿ-2 ಚಿಸ್ವಿಕ್ ಬಡಾವಣೆಗೆ ಬಿತ್ತು. ಉಡಾಯಿಸುವ ಜಾಗಗಳನ್ನು ಸೈನ್ಯ ವಶಪಡಿಸಿಕೊಳ್ಳುವವರೆಗೆ ಅದು ನಿಲ್ಲಲಿಲ್ಲ.

ಇಂಗ್ಲೆಂಡಿನತ್ತ ಸುಮಾರು 10 ಸಾವಿರ ವಿ-1ಗಳನ್ನು ಹಾರಿಸಲಾಯಿತು. ಲಂಡನ್ ಮುಟ್ಟಿದವು ಸುಮಾರು 2,400. ಸತ್ತವರು 6 ಸಾವಿರಕ್ಕೂ ಹೆಚ್ಚು. ಅಷ್ಟು ದೊಡ್ಡ ರಕ್ಷಣೆ ಇಲ್ಲದಿದ್ದರೆ ಈ ಸಂಖ್ಯೆ ಎಷ್ಟೋ ಪಟ್ಟು ಆಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೂ ಎಷ್ಟೇ ಬಿಡಿಸಿ ಹಿಡಿದರೂ ಕೊಡೆ ಊರಿಗಿಂತ ಚಿಕ್ಕದೇ. ರೇಡಾರ್ ಎಲ್ಲಿ ನಿಲ್ಲಿಸಬೇಕು, ವೃತ್ತ ಎಲ್ಲಿಂದ ಎಲ್ಲಿಯವರೆಗೆ, ಮೊದಲು ವಿದ್ಯುತ್ ಸ್ಥಾವರವೋ ಆಸ್ಪತ್ರೆಯೋ ಎಂದು ಯಾರೋ ತೀರ್ಮಾನಿಸುತ್ತಾರೆ. ನೆನೆಯುವವರು ಯಾರು ಎಂಬುದೂ ಆ ತೀರ್ಮಾನದಲ್ಲೇ ಅಡಗಿರುತ್ತದೆ.

ಅತಿ ಹೆಚ್ಚು ವಿ-1ಗಳು ಬಿದ್ದದ್ದು ದಕ್ಷಿಣದ ಕ್ರಾಯ್ಡನ್‌ನಲ್ಲಿ, ಸುಮಾರು 140. ಗೂಢಚಾರರ ಮೂಲಕ ಕಳಿಸಿದ ಸುಳ್ಳಿನ ಕಥೆ ಪುಸ್ತಕಗಳಲ್ಲಿ ಹೊರಬಂದದ್ದು 1970ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕ್ರಾಯ್ಡನ್ನಿನ ಮನೆಗಳನ್ನು ಮತ್ತೆ ಕಟ್ಟಿ ಆಗಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಯುದ್ಧದ ನಡುವೆ ಕೇಳುವುದು ಸಾಧ್ಯವೂ ಇರಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದರೋ. ಅವರ ಜಾಗದಲ್ಲಿ ನಾವಿದ್ದರೆ ಏನೆನ್ನುತ್ತಿದ್ದೆವು?