ಕೊಟ್ಟವರ ನೆನಪನ್ನು ಕಾಯುವವರು



ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ, ಸಾರಕ್ಕಿ ದಾಟಿದ ಮೇಲೆ, ಯಲಚೇನಹಳ್ಳಿಗೆ ಮುನ್ನ ಸಿಗುವುದು ಜರಗನಹಳ್ಳಿ. ಈಗ ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದಿದೆ. ತಲೆಯ ಮೇಲೆ ಮೆಟ್ರೋ ಓಡುತ್ತದೆ. ಕೆಳಗೆ ಸಾಲು ಅಂಗಡಿಗಳು. ಅವುಗಳ ಮೇಲಿನ ಮಹಡಿಗಳಲ್ಲಿ ಸಣ್ಣಪುಟ್ಟ ಕಚೇರಿಗಳು. ಅಂಥದೊಂದು ಕಚೇರಿಯಲ್ಲಿ ದುಡಿಯುವ ಯುವತಿಯೊಬ್ಬಳು, ಕೆಲವು ತಿಂಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ನನಗಾಗಿ ಕಾದು ನಿಂತಿದ್ದಳು.

ಆಕೆ ಇರುವುದು ಒಂದು ಸೇವಾಸಂಸ್ಥೆಯ ‘ಡೋನರ್ ರಿಲೇಶನ್ಸ್’ ವಿಭಾಗದಲ್ಲಿ. ದಾನಿಗಳೊಡನೆ ಸಂಪರ್ಕ ಇಟ್ಟುಕೊಳ್ಳುವುದು, ರಸೀದಿ ಕಳುಹಿಸುವುದು, ಕೃತಜ್ಞತೆಯ ಪತ್ರ ಬರೆಯುವುದು, ಕೊಟ್ಟ ಹಣ ಏನಾಯಿತೆಂದು ತಿಳಿಸುವುದು ಅವಳ ಕೆಲಸ. “ಫಾದರ್, ನಮ್ಮ ಮಾವ ನನ್ನನ್ನು ಫೋನಿನಲ್ಲಿ ಭಿಕ್ಷೆ ಬೇಡುವವಳು ಎಂದು ನಗೆಯಾಡುತ್ತಾರೆ. ಮಾರ್ಚ್ ತಿಂಗಳಲ್ಲಿ ರಾತ್ರಿಯವರೆಗೂ ಕೂತು ದುಡಿದೆ. ತಿಂಗಳ ಕೊನೆಗೆ ಎಷ್ಟು ಹಣ ಬಂತು ಎಂದಷ್ಟೇ ಕೇಳಿದರು. ಇದು ನಿಜವಾಗಿ ಒಂದು ಉದ್ಯೋಗವೇ?” ಎಂದಳು. “ದೇವರು ನೋಡುತ್ತಾನಮ್ಮ” ಎಂದು ಹೇಳಿ ಕಳುಹಿಸಿದೆ. ಅದು ಉತ್ತರವಾಗಿರಲಿಲ್ಲವೆಂಬುದು ಅವಳಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಅಂದು ಕೊಡಲಾರದ ಉತ್ತರವನ್ನು ಇತಿಹಾಸದಲ್ಲಿ ಹುಡುಕುವ ಪ್ರಯತ್ನವೇ ಈ ಲೇಖನ.

ಕಲ್ಲಿನ ಮೇಲಿನ ರಸೀದಿ

ದಾನದ ಲೆಕ್ಕವಿಡುವುದು ಈ ನಾಡಿಗೆ ಹೊಸತಲ್ಲ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಆ ಸಂಪುಟದ ಪುಟ ತಿರುವಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ನಮ್ಮ ಕಲ್ಲುಗಳಲ್ಲಿ ಬಹುಪಾಲು ಹೇಳುವುದು ಯಾರು, ಯಾರಿಗೆ, ಏನನ್ನು ಕೊಟ್ಟರು ಎಂಬುದನ್ನೇ. ಗದ್ದೆಯ ಎಲ್ಲೆ, ಕೆರೆಯ ಹೆಸರು, ದೀಪಕ್ಕೆ ಬಿಟ್ಟ ಎಣ್ಣೆ, ಎಲ್ಲವೂ ಅಲ್ಲಿ ದಾಖಲಾಗಿವೆ. ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತುತ್ತಿದ್ದರು. ಅವರಿರುವವರೆಗೂ ಈ ದಾನ ನಡೆಯಲಿ ಎಂಬುದು ಅದರ ಭಾವ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಇರುತ್ತದೆ. ಅವನು ಹೆಚ್ಚಾಗಿ ಊರಿನ ಲೆಕ್ಕ ಬರೆಯುತ್ತಿದ್ದ ಸೇನಬೋವ. ನಮ್ಮ ಅಜ್ಜಂದಿರ ಕಾಲದ ಶಾನುಭೋಗರ ಹೆಸರು ಬಂದದ್ದೂ ಅದೇ ಪದದಿಂದ.

ಈ ದಾನಶಾಸನಗಳ ಅಂತ್ಯದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಸ್ಕೃತ ಶ್ಲೋಕದ ಅರ್ಥ ನನ್ನನ್ನು ಬಹಳ ದಿನ ಕಾಡಿದೆ. ದಾನ ಕೊಡುವುದು, ಕೊಟ್ಟ ದಾನವನ್ನು ಕಾಪಾಡುವುದು, ಈ ಎರಡರಲ್ಲಿ ಕಾಪಾಡುವುದೇ ಮೇಲು ಎನ್ನುತ್ತದೆ ಅದು. ಕೊಡುವವನು ಒಮ್ಮೆ ಕೊಟ್ಟು ಹೋಗುತ್ತಾನೆ. ಕಾಯುವವನು ಪ್ರತಿದಿನ ಕಾಯಬೇಕು. ಜರಗನಹಳ್ಳಿಯ ಆ ಮಗಳ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ದೊರೆಯಿತೆಂದು ನನಗನ್ನಿಸುತ್ತದೆ.

ಲಿಯೋನ್ ನಗರದ ಹತ್ತು ಮಂದಿ

ನಮ್ಮ ಧರ್ಮಸಭೆಯಲ್ಲೂ ಈ ಕಾಳಜಿ ಮೊದಲಿನಿಂದ ಇದೆ. ಜೆರುಸಲೇಮಿನ ಬಡವರಿಗಾಗಿ ಸಂತ ಪೌಲನು ಊರೂರುಗಳಿಂದ ಕಾಣಿಕೆ ಕೂಡಿಸಿದಾಗ, ಆ ಹಣವನ್ನು ತಾನೊಬ್ಬನೇ ಒಯ್ಯಲು ಒಪ್ಪಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳುಹಿಸಿದನು. ದೇವರ ಮುಂದೆ ಮಾತ್ರವಲ್ಲದೆ ಜನರ ಮುಂದೆಯೂ ಲೆಕ್ಕ ಶುದ್ಧವಾಗಿರಬೇಕೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಕಾರಣವನ್ನೂ ತಿಳಿಸಿದನು.

ಈ ಕೆಲಸಕ್ಕೆ ಒಂದು ವ್ಯವಸ್ಥೆಯ ರೂಪ ಬರಲು ಹದಿನೆಂಟು ಶತಮಾನಗಳು ಬೇಕಾದವು. ಅದನ್ನು ಕೊಟ್ಟವಳು ಫ್ರಾನ್ಸಿನ ಲಿಯೋನ್ ನಗರದ ಪೌಲೀನ್ ಜಾರಿಕೊ. ಹುಟ್ಟಿದ್ದು 1799ರಲ್ಲಿ, ರೇಷ್ಮೆ ವ್ಯಾಪಾರದ ಮನೆತನದಲ್ಲಿ. ರೇಷ್ಮೆ ಕಾರ್ಮಿಕರ ಬದುಕನ್ನು ಹತ್ತಿರದಿಂದ ಕಂಡವಳು. ದೂರದ ಮಿಷನ್‌ಗಳಿಗೆ ನೆರವಾಗಲು ಆಕೆ ಹೂಡಿದ ಉಪಾಯ ಸರಳವಾಗಿತ್ತು. ಒಬ್ಬರು ಹತ್ತು ಮಂದಿಯನ್ನು ಕೂಡಿಸಬೇಕು, ಪ್ರತಿಯೊಬ್ಬರೂ ವಾರಕ್ಕೊಂದು ‘ಸೂ’, ಎಂದರೆ ಒಂದು ಚಿಕ್ಕ ಕಾಸು, ಕೊಡಬೇಕು, ಜೊತೆಗೆ ಪ್ರಾರ್ಥಿಸಬೇಕು. ಹತ್ತರ ಗುಂಪುಗಳು ಸೇರಿ ನೂರು, ನೂರರ ಗುಂಪುಗಳು ಸೇರಿ ಸಾವಿರ. 1822ರ ಮೇ 3ರಂದು ಇದೇ ‘ವಿಶ್ವಾಸ ಪ್ರಸಾರ ಸಂಸ್ಥೆ’ಯಾಗಿ ರೂಪುಗೊಂಡಿತು.

ಹಣ ಕೂಡಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲವೆಂಬುದನ್ನು ಗಮನಿಸಿರಿ. ಸಂಸ್ಥೆಯು ಮಿಷನರಿಗಳ ಪತ್ರಗಳನ್ನು ಒಂದು ಪತ್ರಿಕೆಯಾಗಿ ಅಚ್ಚು ಮಾಡಿಸಿತು. ಆ ಪತ್ರಿಕೆ ಹತ್ತು ಮಂದಿಯ ಗುಂಪಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ವಾರಕ್ಕೊಂದು ಕಾಸು ಕೊಟ್ಟ ನೇಕಾರನಿಗೂ ತನ್ನ ಕಾಸು ಯಾವ ದೇಶಕ್ಕೆ ತಲುಪಿತೆಂದು ಓದಿ ತಿಳಿಯುವ ಹಕ್ಕಿತ್ತು. ದೊಡ್ಡ ದಾನಿಗೂ ಸಣ್ಣ ದಾನಿಗೂ ಅಲ್ಲಿ ಒಂದೇ ಪತ್ರಿಕೆ.

ಇದು ಪರದೇಶದ ಕಥೆಯೆಂದು ತಳ್ಳಿಬಿಡಬೇಡಿ. 1850ರಲ್ಲಿ ಮೈಸೂರು ಪ್ರಾಂತ್ಯವು ಪ್ರತ್ಯೇಕ ಪ್ರೇಷಿತ ಪ್ರತಿನಿಧಿ ಪ್ರಾಂತ್ಯವಾಗಿ ಬಿಷಪ್ ಶಾರ್ಬನೋ ಅವರ ಕೈಗೆ ಬಂದಾಗ, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ಇಲ್ಲಿ ದುಡಿಯುತ್ತಿದ್ದರು. ಅವರ ಮಿಷನ್ನಿಗೆ ಆ ನಿಧಿಯಿಂದ ನೆರವು ಬರುತ್ತಿತ್ತು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯವಾಗಿ ಬೇರ್ಪಟ್ಟ ನಮ್ಮ ಸಭೆಯ ಬೇರುಗಳಿಗೆ, ಹೆಸರು ತಿಳಿಯದ ರೇಷ್ಮೆ ಕಾರ್ಮಿಕರ ಕಾಸಿನ ನೀರೂ ಬಿದ್ದಿದೆ. ಇಂದು ಜರಗನಹಳ್ಳಿಯ ಮೇಲೆ ಓಡುವ ಮೆಟ್ರೋ ಕೊನೆಗೆ ನಿಲ್ಲುವ ನಿಲ್ದಾಣದ ಹೆಸರು ‘ರೇಷ್ಮೆ ಸಂಸ್ಥೆ’. ಆ ಫಲಕವನ್ನು ಕಂಡಾಗಲೆಲ್ಲ ನನಗೆ ಲಿಯೋನ್ ನೆನಪಾಗುತ್ತದೆ.

ಪ್ರೊಟೆಸ್ಟೆಂಟ್ ಸಹೋದರರೂ ಇದೇ ಹಾದಿ ಹಿಡಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1855ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ‘ಅರ್ಧ ಬಾಟ್ಸೆನ್’ ಎಂಬ ಚಿಲ್ಲರೆ ಕಾಸಿನ ವಾರದ ವಂತಿಗೆಯನ್ನು ಆರಂಭಿಸಿತು. ವಂತಿಗೆ ಕೊಟ್ಟವರಿಗಾಗಿ ಮಿಷನ್ನಿನ ಸುದ್ದಿಯ ಚಿಕ್ಕ ಪತ್ರಿಕೆಯನ್ನೂ ಹೊರಡಿಸುತ್ತಿದ್ದರು. ಕಾಸು ಪಡೆದ ಕೈ ಬರಿದಾಗಿ ಹಿಂದಿರುಗಬಾರದೆಂಬುದು ಅದರ ನೀತಿ.

ಪೌಲೀನಳ ಕೊನೆಯ ದಿನಗಳು ಸುಖವಾಗಿರಲಿಲ್ಲ. ಕಾರ್ಮಿಕರಿಗಾಗಿ ಒಂದು ಆದರ್ಶ ಕಾರ್ಖಾನೆ ಕಟ್ಟಲು ಹೊರಟು, ನಂಬಿದವರಿಂದಲೇ ಮೋಸಹೋದಳು. ಆ ಯೋಜನೆಗೆ ಹಣ ಕೊಟ್ಟವರ ಸಾಲ ತೀರಿಸಲೆಂದು ಉಳಿದ ಆಯುಷ್ಯವನ್ನೆಲ್ಲ ಅಲೆದಾಡಿ ಸವೆಸಿದಳು. 1862ರಲ್ಲಿ ತೀರಿಕೊಂಡಾಗ ಆಕೆಯ ಹೆಸರು ಊರಿನ ಬಡವರ ಪಟ್ಟಿಯಲ್ಲಿತ್ತು. ಧರ್ಮಸಭೆ ಆಕೆಯನ್ನು ಪುನೀತೆಯೆಂದು ಘೋಷಿಸಿದ್ದು 2022ರ ಮೇ 22ರಂದು. ನನ್ನ ಮಟ್ಟಿಗೆ ಆಕೆಯ ದೊಡ್ಡತನ ಇರುವುದು ಕೂಡಿಸಿದ ಮೊತ್ತದಲ್ಲಿ ಅಲ್ಲ. ಇತರರು ನಂಬಿ ಕೊಟ್ಟ ಹಣವನ್ನು ತನ್ನ ಪ್ರಾಣಕ್ಕಿಂತ ಭಾರವೆಂದು ಎಣಿಸಿದಳಲ್ಲ, ಅದರಲ್ಲಿ.

ನಮ್ಮ ರಸ್ತೆಯಲ್ಲಿ

ಈಗ ಮತ್ತೆ ನಮ್ಮ ಕಾಲಕ್ಕೆ, ನಮ್ಮ ರಸ್ತೆಗೆ ಬರೋಣ. 1979ರಲ್ಲಿ ಮುಂಬಯಿಯಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು ಐವತ್ತು ರೂಪಾಯಿಯಿಂದ ‘ಕ್ರೈ’ ಸಂಸ್ಥೆಯನ್ನು ಆರಂಭಿಸಿ, ಶುಭಾಶಯ ಪತ್ರಗಳನ್ನು ಮಾರಿ ಮಕ್ಕಳಿಗಾಗಿ ಹಣ ಕೂಡಿಸಿದರು. ಮಧ್ಯಮ ವರ್ಗದ ಮನೆಗಳೂ ದಾನಿಗಳ ಪಟ್ಟಿಗೆ ಸೇರಿದವು. 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳ ಊಟದಿಂದ ಅಕ್ಷಯ ಪಾತ್ರೆ ಆರಂಭವಾಯಿತು. ಜರಗನಹಳ್ಳಿಯಿಂದ ಮುಂದಕ್ಕೆ ಹೋದರೆ ವಸಂತಪುರದಲ್ಲಿ ಅದರ ದೊಡ್ಡ ಅಡುಗೆಮನೆಯೊಂದಿದೆ. ಪಕ್ಕದ ಪುಟ್ಟೇನಹಳ್ಳಿಯ ಕೆರೆ ಹಾಳಾಗುತ್ತಿದ್ದಾಗ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ರಚಿಸಿದರು. ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ದೇಣಿಗೆಯ ಹಣದಿಂದ ಕೆರೆಯನ್ನು ನೋಡಿಕೊಂಡರು. ಊಟವಾಗಲಿ, ಕೆರೆಯಾಗಲಿ, ಪ್ರತಿ ದೇಣಿಗೆಯ ಹಿಂದೆಯೂ ಒಬ್ಬರು ಹೆಸರು ಬರೆದುಕೊಂಡಿರಬೇಕು, ರಸೀದಿ ಹರಿದಿರಬೇಕು, ವರದಿ ಕಳುಹಿಸಿರಬೇಕು. ಇವರೇ ಇಂದಿನ ಸೇನಬೋವರು.

ಅವರ ಹೊಣೆಯೂ ಹೆಚ್ಚುತ್ತಾ ಬಂದಿದೆ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಕಂಪನಿಗಳು ಅಂಕಿಅಂಶಗಳ ವರದಿ ಕೇಳತೊಡಗಿದವು. 2020ರ ತಿದ್ದುಪಡಿಯು ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ಅದರ ಬಿಸಿ ಕಚೇರಿಯ ಸಂಬಳಗಳಿಗೂ ತಟ್ಟಿತು. 2021-22ರ ಆರ್ಥಿಕ ವರ್ಷದಿಂದ, 80ಜಿ ವಿನಾಯಿತಿಗಾಗಿ ಪ್ರತಿಯೊಬ್ಬ ದಾನಿಯ ವಿವರವನ್ನೂ ತೆರಿಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ನೀಡಬೇಕೆಂಬ ನಿಯಮ ಜಾರಿಗೆ ಬಂತು. ಪ್ಯಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಿದರೂ ದಾನಿಗೆ ವಿನಾಯಿತಿ ಸಿಗದೆ ಹೋಗಬಹುದು. ಮಾರ್ಚಿನ ರಾತ್ರಿಗಳು ದೀರ್ಘವಾಗಿದ್ದು ಏಕೆಂದು ಈಗ ತಿಳಿಯಿತಲ್ಲವೇ?

ಕಲಿಯಬೇಕಾದ ವಿದ್ಯೆ

ಇಷ್ಟು ಹೊಣೆಯ ಕೆಲಸಕ್ಕೆ ತರಬೇತಿ ಬೇಡವೇ? ಅಮೆರಿಕದಲ್ಲಿ ದೇಣಿಗೆ ಸಂಗ್ರಹಕಾರರು 1960ರಲ್ಲೇ ತಮ್ಮ ವೃತ್ತಿಸಂಘ ಕಟ್ಟಿಕೊಂಡರು. 1993ರಲ್ಲಿ ದಾನಿಗಳ ಹಕ್ಕುಗಳ ಪಟ್ಟಿಯೂ ಹೊರಬಂತು: ತನ್ನ ಹಣ ತಾನು ಹೇಳಿದ ಉದ್ದೇಶಕ್ಕೇ ಬಳಕೆಯಾಗಬೇಕು, ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಸಿಗಬೇಕು, ತನ್ನ ವಿವರ ಗೌಪ್ಯವಾಗಿರಬೇಕು ಎಂಬವು ಅದರಲ್ಲಿ ಕೆಲವು. ಕೂಡಿಸಿದ ಹಣದಲ್ಲಿ ಇಂತಿಷ್ಟು ಪಾಲು ಕಮಿಷನ್ ಪಡೆಯುವುದನ್ನು ಆ ಸಂಘದ ನೀತಿಸಂಹಿತೆ ನಿಷೇಧಿಸುತ್ತದೆ. ಏಕೆಂದರೆ ಕಮಿಷನ್ನಿನ ಆಸೆ ಬಂದ ಕೂಡಲೇ ದಾನಿ ಮನುಷ್ಯನಾಗಿ ಕಾಣುವುದಿಲ್ಲ, ಮೊತ್ತವಾಗಿ ಕಾಣುತ್ತಾನೆ.

ನಮ್ಮ ಸಂಸ್ಥೆಗಳನ್ನು ನಡೆಸುವವರಲ್ಲಿ, ಅವರಲ್ಲಿ ಗುರುಗಳೂ ಕನ್ಯಾಸ್ತ್ರೀಯರೂ ಇದ್ದಾರೆ, ನನ್ನದೊಂದು ಕೋರಿಕೆ. ಕೆಲಸಕ್ಕೆ ಸೇರಿದ ಯುವಕ ಯುವತಿಯರ ಕೈಗೆ ಫೋನು ಕೊಡುವ ಮೊದಲು, ಅವರನ್ನು ಒಮ್ಮೆ ಆ ಅನಾಥಾಲಯಕ್ಕೋ ಆಸ್ಪತ್ರೆಗೋ ಕರೆದೊಯ್ಯಿರಿ. ಕಣ್ಣಾರೆ ಕಂಡದ್ದನ್ನು ಹೇಳುವ ದನಿಯೇ ಬೇರೆ. ತೆರಿಗೆಯ ನಿಯಮ, ಲೆಕ್ಕದ ಕ್ರಮ, ಶುದ್ಧ ಕನ್ನಡದಲ್ಲಿ ಒಂದು ಪತ್ರ ಬರೆಯುವ ಬಗೆ, ಇವನ್ನು ಕಲಿಸಿರಿ. ತೀರಿಹೋದ ತಾಯಿಯ ನೆನಪಿಗೆ ದಾನ ಕೊಡುವ ಮಗ ಫೋನಿನಲ್ಲಿ ಅತ್ತರೆ, ಕೇಳಿಸಿಕೊಳ್ಳಲು ಸಮಯ ಕೊಡಿರಿ. ಆ ಹತ್ತು ನಿಮಿಷ ವ್ಯರ್ಥವಾಯಿತೆಂದು ಎಣಿಸಬೇಡಿ. ತಿಂಗಳ ಕೊನೆಗೆ ಮೊತ್ತ ಕೇಳುವಾಗ, ಎಷ್ಟು ಮಂದಿಗೆ ವರದಿ ತಲುಪಿತೆಂದೂ ಕೇಳಿರಿ.

ನಾನೇನೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಎಷ್ಟೋ ವರ್ಷಗಳ ಹಿಂದೆ, ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ವೃದ್ಧರೊಬ್ಬರು ದೇವಾಲಯದ ಬೆಂಚುಗಳಿಗೆಂದು ತಮ್ಮ ಪಿಂಚಣಿಯ ಹಣ ಕೊಟ್ಟಿದ್ದರು. ಆ ವರ್ಷ ಮಳೆಗೆ ಚಾವಣಿ ಸೋರಿತು. ಹಣವನ್ನು ಅದಕ್ಕೆ ಬಳಸಿದೆ. ಅವರಿಗೆ ಒಂದು ಮಾತು ಹೇಳಲಿಲ್ಲ. ಎರಡು ವರ್ಷದ ನಂತರ ಅವರು ಮೆಲ್ಲನೆ, “ಸ್ವಾಮಿ, ಬೆಂಚು ಬಂದವೇ?” ಎಂದು ಕೇಳಿದರು. ಕೇಳಿದ್ದರೆ ಚಾವಣಿಗೂ ಅವರು ಸಂತೋಷದಿಂದ ಒಪ್ಪುತ್ತಿದ್ದರು. ಹಣ ಪೋಲಾಗಿರಲಿಲ್ಲ, ಆದರೆ ನಂಬಿಕೆ ಸೋರಿತ್ತು. ಅದನ್ನು ಯಾವ ಹಂಚಿನಿಂದಲೂ ಮುಚ್ಚಲಾಗಲಿಲ್ಲ.

ಆದ್ದರಿಂದ ಮಗಳೇ, ಈ ಪುಟ ನಿನ್ನ ಕೈಸೇರಿದರೆ, ನಿನ್ನ ಮಾವನವರಿಗೂ ತೋರಿಸು. ಭಿಕ್ಷೆ ಬೇಡುವವರು ಪಡೆದು ಮುಂದೆ ಹೋಗುತ್ತಾರೆ. ನೀನು ಪಡೆದ ಮೇಲೆ ನಿಲ್ಲುತ್ತೀಯೆ, ನೆನಪಿಡುತ್ತೀಯೆ, ಲೆಕ್ಕ ಒಪ್ಪಿಸುತ್ತೀಯೆ. ಇಂಥ ಕೆಲಸವನ್ನು ನಮ್ಮ ಹಿರಿಯರು ಕೊಡುವುದಕ್ಕಿಂತ ಮೇಲೆಂದು ಕಲ್ಲಿನಲ್ಲಿ ಬರೆಸಿಟ್ಟರು.

ವಾಚಕರೇ, ಮುಂದಿನ ಸಲ ದೇಣಿಗೆಗಾಗಿ ಇಂಥ ಕರೆಯೊಂದು ಬಂದಾಗ, ಕೊಡಲು ಸಾಧ್ಯವಿಲ್ಲದಿದ್ದರೆ ಬೇಡ. ಆದರೆ ಆ ಕಡೆಯ ದನಿಗೆ ಒಂದು ಒಳ್ಳೆಯ ಮಾತಾಡಿ ಫೋನು ಇಡಿರಿ. ಕೊಡುವವರಾದರೆ, ಕಳೆದ ವರ್ಷದ ಹಣ ಏನಾಯಿತೆಂದು ತಪ್ಪದೆ ಕೇಳಿರಿ. ಆ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುವ ಕಚೇರಿಯಲ್ಲಿ ನಿಮ್ಮ ದಾನ ಸುರಕ್ಷಿತವಾಗಿದೆ.